ತೊಳೆದ ಮಂಡಿ, ತೊಳೆಯದ ಮಂಡಿ

ಮೈಸೂರಿನಲ್ಲಿ ನಿವೃತ್ತರಾದ ಇಬ್ಬರು ಎದುರಾದರೆ ಮಾತು ಮೊದಲು ಮಳೆಯನ್ನು ಮುಟ್ಟಿ, ಅಲ್ಲಿಂದ ಪಿಂಚಣಿಯ ಬಾಕಿಗೆ ಹಾಯ್ದು, ಕಡೆಗೆ ಮಂಡಿಗೆ ಬಂದು ನಿಲ್ಲುತ್ತದೆ. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬೆಳಗಿನ ಹೊತ್ತು ಸುತ್ತಾಡಲು ಬರುವ ನಮ್ಮ ವಯಸ್ಸಿನವರನ್ನು ನಡಿಗೆಯಿಂದಲೇ ವಿಂಗಡಿಸಬಹುದು. ಒಂದು ಕಾಲನ್ನು ಎಳೆದು ಹಾಕುವವರು, ಎರಡೂ ಕಾಲು ಬಿಲ್ಲಿನಂತೆ ಬಾಗಿ ಅತ್ತಿತ್ತ ತೂಗುತ್ತ ಸಾಗುವವರು, ನಡೆಯುವುದನ್ನೇ ಬಿಟ್ಟು ಕಲ್ಲುಬೆಂಚಿನ ಮೇಲೆ ಕುಳಿತು ನಡೆಯುವವರಿಗೆಲ್ಲ ಉಪದೇಶ ಮಾಡುವವರು. ಚಿಕ್ಕಂದಿನಲ್ಲಿ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲನ್ನು ಓಡುತ್ತ ಹತ್ತಿದವರೆಲ್ಲ ಈಗ ಮನೆಯ ಮುಂದಿನ ಮೂರು ಮೆಟ್ಟಿಲಿಗೆ ಕಂಬಿ ಹಾಕಿಸಿಕೊಂಡಿದ್ದಾರೆ.

ಕಾಯಿಲೆ ಹಳೆಯದಾದಷ್ಟೂ ಮದ್ದುಗಳ ಪಟ್ಟಿ ಉದ್ದವಾಗುತ್ತದೆ. ಎಕ್ಕದ ಎಲೆಗೆ ಹರಳೆಣ್ಣೆ ಸವರಿ ಬಿಸಿ ಮಾಡಿ ಕಟ್ಟುವುದು, ಮಂಡಿಯ ಸುತ್ತ ಉದ್ದಿನ ಹಿಟ್ಟಿನ ಕಟ್ಟೆ ಕಟ್ಟಿ ಬೆಚ್ಚನೆಯ ತೈಲ ನಿಲ್ಲಿಸುವ ಜಾನುಬಸ್ತಿ, ಗ್ಲೂಕೋಸಮೀನ್ ಗುಳಿಗೆ, ಸ್ಟೀರಾಯ್ಡ್ ಚುಚ್ಚುಮದ್ದು, ಇವು ಯಾವುದಕ್ಕೂ ಬಗ್ಗದಿದ್ದರೆ ಕೃತಕ ಮಂಡಿ. ಈ ಪಟ್ಟಿಯ ನಡುವೆ ಇನ್ನೊಂದು ಹೆಸರೂ ಆಗಾಗ ಕಿವಿಗೆ ಬೀಳುತ್ತದೆ, ಮಂಡಿ ತೊಳೆಸುವುದು. ಕೀಲಿನೊಳಕ್ಕೆ ಸಲೈನ್ ಹರಿಸಿ, ಒಳಗಿನ ಕಸವನ್ನೆಲ್ಲ ಹೊರಗೆ ತೆಗೆಯುವುದಂತೆ. ಕೇಳಲು ಎಷ್ಟು ಹಿತವಾಗಿದೆ ನೋಡಿ! ಪಾತ್ರೆ ತೊಳೆಯುತ್ತೇವೆ, ಬಾವಿಯ ಹೂಳೆತ್ತಿಸುತ್ತೇವೆ, ಸವೆದ ಕೀಲನ್ನು ಮಾತ್ರ ಏಕೆ ತೊಳೆಯಬಾರದು?

ಈ ಪ್ರಶ್ನೆ ನನ್ನ ಪಾಲಿಗೆ ಬಂದದ್ದು ಅಕ್ಕನ ಮೂಲಕ. ಅಕ್ಕನಿಗೆ ಈಗ 76. ಸರಸ್ವತೀಪುರಂನಲ್ಲಿ ಮಗನ ಮನೆಯ ಕೆಳಭಾಗದಲ್ಲಿ ಇದ್ದಾಳೆ. ಐವತ್ತು ವರ್ಷ ನೆಲದ ಮೇಲೆ ಈಳಿಗೆಮಣೆ ಮೆಟ್ಟಿ ತರಕಾರಿ ಹೆಚ್ಚಿದವಳು, ಕುಕ್ಕರುಗಾಲಿನಲ್ಲಿ ಕುಳಿತು ಬಾಗಿಲ ಮುಂದೆ ರಂಗೋಲಿ ಇಟ್ಟವಳು. ಈಗ ಕುಳಿತಲ್ಲಿಂದ ಏಳುವುದಕ್ಕೆ ಗೋಡೆ ಬೇಕು, ಗೋಡೆಯಿಲ್ಲದ ಕಡೆ ಮೊಮ್ಮಗ ಬೇಕು. ಅವಳ ಪಕ್ಕದ ಮನೆಯವರು ಊರಿನ ಯಾವುದೋ ಆಸ್ಪತ್ರೆಯಲ್ಲಿ ಬಲಮಂಡಿಯನ್ನು ತೊಳೆಸಿಕೊಂಡು ಬಂದರು. ಮೂರು ತಿಂಗಳಿಗೆ ದೇವಸ್ಥಾನಕ್ಕೆ ನಡೆದು ಹೋಗಿ ನಡೆದೇ ಬಂದರು. ಅಕ್ಕ ಅದನ್ನು ತನ್ನ ಕಣ್ಣಿನಿಂದ ನೋಡಿದಳು. ನೋಡಿದ ಮೇಲೆ ತನ್ನ ಫ್ಯಾಮಿಲಿ ಪಿಂಚಣಿಯಲ್ಲಿ ಉಳಿಸಿದ್ದ ಹಣವನ್ನು ಲೆಕ್ಕ ಹಾಕಿ, ಹೋದ ವರ್ಷ ದಸರೆಯ ಮಾರನೆಯ ದಿನ ನನ್ನನ್ನು ಕರೆಸಿದಳು.

"ನೀನು ಮೂವತ್ತು ವರ್ಷ ಮಕ್ಕಳಿಗೆ ಸೈನ್ಸ್ ಹೇಳಿಕೊಟ್ಟೋನು. ಗುಣ ಆಗುತ್ತೋ ಇಲ್ವೋ, ಅಷ್ಟು ಹೇಳು ಸಾಕು. ಪಾಠ ಬೇಡ."

ಪಾಠ ಬೇಡವೆಂದು ಮೊದಲೇ ಷರತ್ತು ಹಾಕಿಬಿಟ್ಟರೆ ಮೇಷ್ಟರು ಏನು ಮಾಡಬೇಕು? ಎರಡು ವಾರದ ಗಡುವು ಕೇಳಿ ಬಂದೆ. ಮೈಸೂರು ಮೆಡಿಕಲ್ ಕಾಲೇಜಿನಲ್ಲಿ ಓದಿ ಮೂಳೆವೈದ್ಯನಾಗಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿದ್ದಾನೆ. ಅವನು "ಸಾರ್, ನಾನು ಹೇಳೋದಕ್ಕಿಂತ ನೀವೇ ಓದಿ" ಎಂದು ಒಂದಷ್ಟು ಲೇಖನಗಳನ್ನು ಮುದ್ರಿಸಿ ಕೊಟ್ಟ. ಅಂದು ಓದಿದ್ದನ್ನು ನಮ್ಮ ಮಾತಿನಲ್ಲಿ ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲು ಮಂಡಿಯ ಒಳಗೆ ಏನಾಗುತ್ತದೆ ಎಂಬುದು. ತೊಡೆಯ ಮೂಳೆ ಮತ್ತು ಮೊಣಕಾಲ ಮೂಳೆ ಸೇರುವ ಕಡೆ ಎರಡರ ತುದಿಗೂ ಮೃದ್ವಸ್ಥಿಯ ನುಣುಪಾದ ಹೊದಿಕೆಯಿದೆ. ಅದಕ್ಕೆ ರಕ್ತನಾಳವಿಲ್ಲ, ನರವೂ ಇಲ್ಲ. ಆದುದರಿಂದ ಅದು ಸವೆಯುವಾಗ ನಮಗೆ ತಿಳಿಯುವುದೂ ಇಲ್ಲ, ಸವೆದ ಮೇಲೆ ಸುಲಭವಾಗಿ ಮತ್ತೆ ಬೆಳೆಯುವುದೂ ಇಲ್ಲ. ನೋವು ಬರುವುದು ಅದರ ಸುತ್ತಲಿನಿಂದ. ಕೆಳಗಿನ ಮೂಳೆ, ಕೀಲಿನ ಒಳಪೊರೆ, ಕಟ್ಟುಗಳು, ಸ್ನಾಯುಗಳು ಇವುಗಳಿಂದ. ಎಕ್ಸ್‌ರೇಯಲ್ಲಿ ಬಹಳ ಸವೆದಂತೆ ಕಾಣುವ ಮಂಡಿಯವರು ಕೆಲವರು ಸರಾಗವಾಗಿ ನಡೆಯುತ್ತಾರೆ. ಚಿತ್ರದಲ್ಲಿ ಏನೂ ಕಾಣದ ಕೆಲವರು ನರಳುತ್ತಾರೆ. ಸವೆದ ಮೃದ್ವಸ್ಥಿಯ ಚೂರುಗಳು, ಸಣ್ಣ ಹರಳುಗಳು, ಉರಿಯೂತವನ್ನು ಹೆಚ್ಚಿಸುವ ರಾಸಾಯನಿಕಗಳು ಕೀಲುದ್ರವದಲ್ಲಿ ತೇಲುತ್ತಿರುತ್ತವೆ ಎಂಬುದು ನಿಜ. ಅವನ್ನು ತೊಳೆದು ತೆಗೆದರೆ ಒಳಪೊರೆಯ ಕೆರಳಿಕೆ ತಗ್ಗಬೇಕು ಎಂಬುದು ಮಂಡಿ ತೊಳೆಯುವವರ ವಾದ. ವಾದದಲ್ಲಿ ಹುರುಳಿಲ್ಲವೆಂದು ಯಾರೂ ಹೇಳುವಂತಿರಲಿಲ್ಲ.

ಇದು ಆರಂಭವಾದದ್ದು ಮಾತ್ರ ಆಕಸ್ಮಿಕವಾಗಿ. 1918ರಲ್ಲಿ ಟೋಕಿಯೋದ ಕೆಂಜಿ ತಕಾಗಿ ಮೂತ್ರಕೋಶವನ್ನು ನೋಡುವ ನಳಿಕೆಯೊಂದನ್ನು ಮಂಡಿಯೊಳಗೆ ತೂರಿಸಿ ನೋಡಿದರು. ಮುಂದೆ 1930ರ ದಶಕದಲ್ಲಿ ನ್ಯೂಯಾರ್ಕಿನ ಮೈಕೆಲ್ ಬರ್ಮನ್ ಇದನ್ನು ಮುಂದುವರಿಸಿದರು. ಕೀಲಿನ ಒಳಗು ಚೆನ್ನಾಗಿ ಕಾಣಬೇಕಾದರೆ ಅದನ್ನು ದ್ರವದಿಂದ ತುಂಬಿ ಉಬ್ಬಿಸಬೇಕು. ಹೀಗೆ ಬರಿದೆ ನೋಡುವುದಕ್ಕೆಂದು ನೀರು ತುಂಬಿಸಿಕೊಂಡ ಕೆಲವು ರೋಗಿಗಳು, ಚಿಕಿತ್ಸೆಯೇ ಆಗದಿದ್ದರೂ, ನೋವು ಕಡಿಮೆಯಾಯಿತೆಂದರು. ನೋಡಲು ಹೋದದ್ದೇ ಮದ್ದಾಯಿತು. ಆಮೇಲಿನ ದಶಕಗಳಲ್ಲಿ ನಳಿಕೆ ಸಣ್ಣದಾಯಿತು, ಕ್ಯಾಮೆರಾ ಬಂದಿತು, ನಮ್ಮ ಜನ 'ದುರ್ಬೀನು ಆಪರೇಷನ್' ಎನ್ನುವ ಆರ್ತ್ರೋಸ್ಕೋಪಿ ಊರೂರಿಗೆ ಹಬ್ಬಿತು. 1990ರ ದಶಕದ ಕೊನೆಗೆ ಅಮೆರಿಕ ಒಂದರಲ್ಲೇ ವರ್ಷಕ್ಕೆ ಆರೂವರೆ ಲಕ್ಷ ಮಂಡಿಗಳಿಗೆ ಸವೆತಕ್ಕೆಂದು ಈ ಶಸ್ತ್ರಕ್ರಿಯೆ ನಡೆಯುತ್ತಿತ್ತು, ಒಂದೊಂದಕ್ಕೂ ಸುಮಾರು 5000 ಡಾಲರ್. ಕ್ಯಾಮೆರಾ ಇಲ್ಲದ ಅಗ್ಗದ ವಿಧಾನವೂ ಇತ್ತು. ಸೂಜಿಯ ಮೂಲಕ ಸ್ವಲ್ಪ ಸ್ವಲ್ಪವಾಗಿ ಸಲೈನ್ ಒಳಗೆ ಬಿಟ್ಟು, ಮತ್ತೆ ಹೊರಗೆಳೆದು, ಒಟ್ಟು ಸುಮಾರು ಒಂದು ಲೀಟರಿನಷ್ಟು ಹಾಯಿಸುವುದು. ಅಲೆ ಏರಿ ಇಳಿದಂತೆ ನೀರು ಏರಿಳಿಯುವುದರಿಂದ ಅದಕ್ಕೆ 'ಟೈಡಲ್ ಇರಿಗೇಷನ್' ಎಂದು ಹೆಸರು. ಸಲೈನ್ ಎಂದರೆ ಲೀಟರಿಗೆ 9 ಗ್ರಾಂ ಉಪ್ಪು ಬೆರೆಸಿದ ಶುದ್ಧ ನೀರು, ಅಷ್ಟೆ.

ಹೀಗೆ ತೊಳೆಸಿಕೊಂಡವರಲ್ಲಿ ಬಹುಮಂದಿ ತಮಗೆ ಗುಣವಾಯಿತೆಂದೇ ಹೇಳುತ್ತಿದ್ದರು. ಅಕ್ಕನ ಪಕ್ಕದ ಮನೆಯವರಂತೆ. ಅವರು ಸುಳ್ಳು ಹೇಳುತ್ತಿರಲಿಲ್ಲ. ಆದರೂ ಅದು ಸಾಕ್ಷಿಯಾಗುವುದಿಲ್ಲ. ಏಕೆಂಬುದನ್ನು ಶಾಲೆಯ ಒಂದು ಸಂಗತಿಯಿಂದ ಹೇಳುತ್ತೇನೆ.

ನಮ್ಮ ಶಾಲೆಯಲ್ಲಿ ಗಣಿತದ ಮೇಷ್ಟರೊಬ್ಬರಿದ್ದರು. ಪ್ರತಿ ಕಿರುಪರೀಕ್ಷೆಯಾದ ಮೇಲೆ ಅತಿ ಕಡಿಮೆ ಅಂಕ ಪಡೆದ ಹತ್ತು ಮಂದಿಯನ್ನು ಸಾಲಾಗಿ ನಿಲ್ಲಿಸಿ ವಿಶೇಷ ತರಗತಿ ತೆಗೆದುಕೊಳ್ಳುತ್ತಿದ್ದರು. ಮುಂದಿನ ಪರೀಕ್ಷೆಯಲ್ಲಿ ಆ ಹತ್ತರಲ್ಲಿ ಏಳೆಂಟು ಮಕ್ಕಳ ಅಂಕ ಏರುತ್ತಿತ್ತು. ಮೇಷ್ಟರಿಗೆ ತಮ್ಮ ವಿಶೇಷ ತರಗತಿಯ ಮೇಲೆ ಅಪಾರ ಅಭಿಮಾನ. ಒಂದು ವರ್ಷ ಅವರು ಕಾಯಿಲೆಯಾಗಿ ಎರಡು ತಿಂಗಳು ರಜೆಯಲ್ಲಿದ್ದರು, ವಿಶೇಷ ತರಗತಿ ನಡೆಯಲಿಲ್ಲ. ಕಡೆಯ ಹತ್ತು ಮಂದಿಯಲ್ಲಿ ಆಗಲೂ ಏಳು ಮಕ್ಕಳ ಅಂಕ ಏರಿತು! ಒಂದು ದಿನ ಜ್ವರವಿದ್ದು ಕೆಟ್ಟದಾಗಿ ಬರೆದವನು, ಮನೆಯಲ್ಲಿ ಮದುವೆಯಿದ್ದು ಓದದೆ ಬಂದವಳು, ಇಂಥವರೇ ಆ ಪಟ್ಟಿಯಲ್ಲಿ ಹೆಚ್ಚು. ಮುಂದಿನ ಸಲ ಅವರು ತಮ್ಮ ಸಹಜ ಮಟ್ಟಕ್ಕೆ ಮರಳುತ್ತಾರೆ. ಮಂಡಿನೋವೂ ಹಾಗೆಯೇ ಏರಿಳಿಯುತ್ತದೆ. ನಾವು ವೈದ್ಯರ ಬಾಗಿಲು ತಟ್ಟುವುದು ನೋವು ಅತ್ಯಂತ ಏರಿದ ವಾರದಲ್ಲಿ. ಆ ವಾರದಲ್ಲಿ ತೊಳೆಸಿದರೂ ಮುಂದಿನ ತಿಂಗಳು ಇಳಿಯುತ್ತದೆ, ಎಕ್ಕದ ಎಲೆ ಕಟ್ಟಿದರೂ ಇಳಿಯುತ್ತದೆ, ಏನೂ ಮಾಡದಿದ್ದರೂ ಬಹಳಷ್ಟು ಮಂದಿಗೆ ಇಳಿಯುತ್ತದೆ. ಇದರ ಜೊತೆಗೆ ನಂಬಿಕೆಯ ಬಲವೊಂದು. ಹಸಿರು ಬಟ್ಟೆ, ದೀಪ, ಹಣ ಕಟ್ಟಿದ ರಸೀದಿ, ನಾಲ್ಕು ದಿನ ಮನೆಯವರ ಆರೈಕೆ, ಎಲ್ಲವೂ ಸೇರಿ ನೋವನ್ನು ತಗ್ಗಿಸುತ್ತವೆ. ಇವೆಲ್ಲವನ್ನೂ ಕಳೆದ ಮೇಲೆ ಆ ನೀರಿನ ಪಾಲು ಎಷ್ಟು? ಪ್ರಶ್ನೆ ಅದು.

ಗುಳಿಗೆಯಾದರೆ ಪರೀಕ್ಷೆ ಸುಲಭ. ಅದೇ ಬಣ್ಣದ ಸಕ್ಕರೆ ಗುಳಿಗೆಯನ್ನು ಅರ್ಧ ಜನಕ್ಕೆ ಕೊಟ್ಟು ಹೋಲಿಸಿದರಾಯಿತು. ಶಸ್ತ್ರಕ್ರಿಯೆಗೆ ಸಕ್ಕರೆ ಗುಳಿಗೆ ಎಲ್ಲಿಂದ ತರುವುದು? ಸೋಗಿನ ಶಸ್ತ್ರಕ್ರಿಯೆಯನ್ನೇ ಮಾಡಬೇಕು. ಇದನ್ನು ಹೃದ್ರೋಗದಲ್ಲಿ ಮೊದಲೇ ಮಾಡಿದವರಿದ್ದರು. ಎದೆಯ ಒಳಗೋಡೆಯ ರಕ್ತನಾಳವೊಂದನ್ನು ಬಿಗಿದು ಕಟ್ಟಿದರೆ ಎದೆನೋವು ಹೋಗುತ್ತದೆಂಬ ನಂಬಿಕೆ ಒಂದು ಕಾಲದಲ್ಲಿತ್ತು. 1959ರಲ್ಲಿ ಸಿಯಾಟಲ್‌ನ ಲೆನರ್ಡ್ ಕಾಬ್ ಮತ್ತು ಸಂಗಡಿಗರು 17 ರೋಗಿಗಳ ಪೈಕಿ 8 ಮಂದಿಗೆ ನಾಳ ಕಟ್ಟಿ, 9 ಮಂದಿಗೆ ಚರ್ಮ ಮಾತ್ರ ಕೊಯ್ದು ಹೊಲಿದರು. ಎರಡು ಗುಂಪಿಗೂ ಒಂದೇ ಬಗೆಯಲ್ಲಿ ನೋವು ಇಳಿಯಿತು. ಆ ಶಸ್ತ್ರಕ್ರಿಯೆ ಬಹುಬೇಗ ಕಾಣೆಯಾಯಿತು. ಆದರೆ ಹೀಗೊಂದು ಸೋಗು ನಡೆಯುತ್ತಿದೆಯೆಂದು ಆ ರೋಗಿಗಳಿಗೆ ತಿಳಿಸಿರಲಿಲ್ಲ. ಅದು ನನಗೆ ಒಪ್ಪಿಗೆಯಾಗದ ಮಾತು. ಉತ್ತರ ಎಷ್ಟೇ ಬೆಲೆಯುಳ್ಳದ್ದಾದರೂ ಕೊಯ್ಯಿಸಿಕೊಳ್ಳುವವನಿಗೆ ಪ್ರಶ್ನೆ ಗೊತ್ತಿರಬೇಕು.

ಮಂಡಿಯ ಸರದಿ ಬಂದದ್ದು ಟೆಕ್ಸಾಸ್ ರಾಜ್ಯದ ಹ್ಯೂಸ್ಟನ್ ನಗರದಲ್ಲಿ, ಮಾಜಿ ಸೈನಿಕರ ಆಸ್ಪತ್ರೆಯೊಂದರಲ್ಲಿ. ಬ್ರೂಸ್ ಮೋಸ್ಲಿ ಅಲ್ಲಿಯ ಮೂಳೆ ಶಸ್ತ್ರವೈದ್ಯರು, ಹ್ಯೂಸ್ಟನ್ ರಾಕೆಟ್ಸ್ ಬಾಸ್ಕೆಟ್‌ಬಾಲ್ ತಂಡದ ವೈದ್ಯರೂ ಆಗಿದ್ದವರು. ಬರಿದೆ ತೊಳೆಯುವುದು ಮೇಲೋ, ತೊಳೆದು ಸವೆದ ಭಾಗವನ್ನು ಹೆರೆದು ನಯ ಮಾಡುವುದು ಮೇಲೋ ಎಂದು ಹೋಲಿಸುವುದು ಅವರ ಮೊದಲ ಉದ್ದೇಶವಾಗಿತ್ತು. ಎರಡೂ ಸೋಗಿಗಿಂತ ಮೇಲೆಂದು ನಿಮಗೆ ಹೇಗೆ ಗೊತ್ತು ಎಂದು ಕೇಳಿದವರು ಅವರ ಸಹೋದ್ಯೋಗಿ, ವೈದ್ಯೆ ನೆಲ್ಡಾ ರೇ. ಒಂದು ತರಗತಿಯಲ್ಲಿ ಇಂಥ ಪ್ರಶ್ನೆ ಕೇಳುವ ಒಬ್ಬ ಹುಡುಗಿ ಇದ್ದರೆ ಮೇಷ್ಟರ ಜನ್ಮ ಸಾರ್ಥಕ.

1995ರಿಂದ 1998ರವರೆಗೆ ರೋಗಿಗಳನ್ನು ಸೇರಿಸಿಕೊಂಡರು. ಒಟ್ಟು 180 ಮಂದಿ. 61 ಮಂದಿಯ ಮಂಡಿಯನ್ನು ಕನಿಷ್ಠ 10 ಲೀಟರ್ ದ್ರವದಿಂದ ತೊಳೆದರು. 59 ಮಂದಿಗೆ ತೊಳೆದು ಹೆರೆದರು. ಉಳಿದ 60 ಮಂದಿಗೆ ಸೋಗು. ಯಾರಿಗೆ ಯಾವುದು ಎಂಬ ಚೀಟಿ ಮುಚ್ಚಿದ ಲಕೋಟೆಯಲ್ಲಿ ಇರುತ್ತಿತ್ತು. ರೋಗಿ ಶಸ್ತ್ರಕ್ರಿಯೆಯ ಕೋಣೆಗೆ ಬಂದ ಮೇಲಷ್ಟೇ ಅದನ್ನು ಒಡೆಯುತ್ತಿದ್ದರು. ಸೋಗಿನ ಪಾಲು ಬಂದವರಿಗೆ ಮಂಪರಿನ ಮದ್ದು ಕೊಟ್ಟು, ಮಂಡಿಯ ಚರ್ಮದಲ್ಲಿ ಒಂದೊಂದು ಸೆಂಟಿಮೀಟರಿನ ಮೂರು ಗಾಯ ಮಾಡಿ, ಮೋಸ್ಲಿ ಎಲ್ಲ ಉಪಕರಣಗಳನ್ನೂ ಹೆಸರು ಹಿಡಿದು ಕೇಳಿ, ಕಾಲನ್ನು ಮಡಿಸಿ ಚಾಚಿ, ತೊಳೆಯುವ ಸದ್ದು ಬರಲೆಂದು ನೀರನ್ನು ಚಿಮುಕಿಸುತ್ತಿದ್ದರು. ಕೀಲಿನೊಳಗೆ ಏನೂ ಹೋಗಲಿಲ್ಲ. ಆ ರಾತ್ರಿ ಎಲ್ಲರೂ ಆಸ್ಪತ್ರೆಯಲ್ಲೇ ಮಲಗಿದರು. ಆರೈಕೆ ಮಾಡುವ ದಾದಿಯರಿಗೂ ಯಾರು ಯಾವ ಗುಂಪೆಂದು ತಿಳಿದಿರಲಿಲ್ಲ.

2002ರ ಜುಲೈ ತಿಂಗಳಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯಲ್ಲಿ ಫಲಿತಾಂಶ ಬಂತು. ನೋವಿಗೆ ನೂರರಲ್ಲಿ ಅಂಕ, ಅಂಕ ಹೆಚ್ಚಿದಷ್ಟೂ ನೋವು ಹೆಚ್ಚು. ಎರಡು ವರ್ಷದ ಕೊನೆಗೆ ಸೋಗಿನವರ ಸರಾಸರಿ 51.6, ತೊಳೆಸಿಕೊಂಡವರದು 53.7, ತೊಳೆದು ಹೆರೆಸಿಕೊಂಡವರದು 51.4. ಉತ್ತರಪತ್ರಿಕೆಗಳನ್ನು ತಿದ್ದಿ ತಿದ್ದಿ ಕಣ್ಣು ಸವೆದ ನನಗೆ ಈ ಮೂರು ಅಂಕಗಳಲ್ಲಿ ಯಾರನ್ನೂ ಪಾಸು, ಯಾರನ್ನೂ ಫೇಲು ಮಾಡಲು ಕೈ ಬರುವುದಿಲ್ಲ. ನಡೆಯುವ, ಮೆಟ್ಟಿಲು ಹತ್ತುವ ವೇಗವನ್ನು ಅಳೆದು ನೋಡಿದರೆ, ಹೆರೆಸಿಕೊಂಡವರು ಮೊದಲ ಎರಡು ವಾರದಲ್ಲೂ ಒಂದು ವರ್ಷದ ಹೊತ್ತಿಗೂ ಸೋಗಿನವರಿಗಿಂತ ಹಿಂದೆಯೇ ಇದ್ದರು.

ವಿಚಿತ್ರವೆಂದರೆ ಅದೇ 2002ರಲ್ಲಿ, ಅಷ್ಟೇ 180 ಜನರ ಮೇಲೆ, ಇಂಡಿಯಾನಾ ರಾಜ್ಯದಲ್ಲಿ ಜಾನ್ ಬ್ರಾಡ್ಲಿ ಮತ್ತು ಸಂಗಡಿಗರು ಮಾಡಿದ ಇನ್ನೊಂದು ಪರೀಕ್ಷೆಯೂ ಪ್ರಕಟವಾಯಿತು. ಇದು ಸೂಜಿಯಿಂದ ತೊಳೆಯುವ ವಿಧಾನದ್ದು. ಸೋಗಿನವರಿಗೆ ಸೂಜಿ ಕೀಲಿನ ಚೀಲದವರೆಗೆ ಬರುತ್ತಿತ್ತು, ಒಳಕ್ಕೆ ಹೋಗುತ್ತಿರಲಿಲ್ಲ. ಎರಡು ಗುಂಪಿನಲ್ಲೂ ನೋವು ಸುಮಾರು ಐದನೆಯ ಒಂದು ಭಾಗದಷ್ಟು ಇಳಿಯಿತು. ಇಲ್ಲಿ ಒಂದು ಸೂಕ್ಷ್ಮವಿದೆ, ನನ್ನ ಗಣಿತದ ಮೇಷ್ಟರಿಗೆ ಹಿಡಿಸುವಂಥದು. ಆರಂಭದಲ್ಲಿ ಎರಡು ಗುಂಪಿನ ನೋವಿನ ಅಂಕ ಸಮನಾಗಿರಲಿಲ್ಲ. ಆ ವ್ಯತ್ಯಾಸವನ್ನು ಗಮನಿಸದೆ ನೋಡಿದರೆ ನಿಜವಾಗಿ ತೊಳೆಸಿಕೊಂಡವರೇ ಮುಂದಿದ್ದಂತೆ ಕಾಣುತ್ತಿತ್ತು. ಅದನ್ನು ಲೆಕ್ಕಕ್ಕೆ ಸೇರಿಸಿದೊಡನೆ ಮುನ್ನಡೆ ಕರಗಿಹೋಯಿತು.

ಇದನ್ನೆಲ್ಲ ಅಕ್ಕನ ಮುಂದೆ ಹೇಳಿದೆ. ಪಾಠ ಬೇಡವೆಂದವಳು ಕಾಫಿ ಆರುವವರೆಗೆ ಕೇಳಿದಳು. ಲಕೋಟೆಯ ವಿಷಯ ಬಂದಾಗ ನಕ್ಕಳು. ಕೊನೆಗೆ ಅವಳು ಹಾಕಿದ ಪ್ರಶ್ನೆ ಆ ಲೇಖನಗಳಲ್ಲಿ ಯಾರೂ ಅಷ್ಟು ನೇರವಾಗಿ ಹಾಕದ್ದು.

"ಸುಳ್ಳುಸುಳ್ಳೇ ತೊಳೆದರೂ ನೋವು ಇಳೀತು ಅಂತ ನೀನೇ ಹೇಳ್ತಿದ್ದೀಯ. ಹಾಗಾದರೆ ನನಗೂ ಇಳಿಯುತ್ತಲ್ಲೋ? ನಿಜವೋ ಸುಳ್ಳೋ, ನನಗೆ ಬೇಕಾದದ್ದು ನೋವು ಇಳಿಯೋದು. ನಿನಗ್ಯಾಕೆ ಹೊಟ್ಟೆಕಿಚ್ಚು?"

ಈ ಮಾತಿಗೆ ಉತ್ತರ ಕೊಡುವುದು ಸುಲಭವಲ್ಲ. ಎರಡು ದಿನ ಅದನ್ನೇ ಯೋಚಿಸಿದೆ. ಗಮನವಿಟ್ಟು ಓದಿದರೆ, ಸೋಗು ನೋವನ್ನು ಗುಣಪಡಿಸಿತೆಂದು ಈ ಪರೀಕ್ಷೆಗಳು ಹೇಳುವುದೇ ಇಲ್ಲ. ಏನನ್ನೂ ಮಾಡಿಸಿಕೊಳ್ಳದೆ ಮನೆಯಲ್ಲಿದ್ದ ಗುಂಪೊಂದು ಎರಡರಲ್ಲೂ ಇರಲಿಲ್ಲ. ಆದುದರಿಂದ ಇಳಿದ ನೋವಿನಲ್ಲಿ ನಂಬಿಕೆಯದೆಷ್ಟು, ತಾನಾಗಿ ಇಳಿಯುವ ಸ್ವಭಾವದ್ದೆಷ್ಟು ಎಂದು ಬೇರೆ ಮಾಡಲಾಗದು. ಗೊತ್ತಾದದ್ದು ಒಂದೇ, ಒಳಗೆ ಹೋಗಿ ಬಂದ ನೀರಿನ ಪಾಲು ಸೊನ್ನೆಗೆ ಬಹಳ ಹತ್ತಿರ. ಆ ಸೊನ್ನೆಗೆ ಅಕ್ಕ ತನ್ನ ಎರಡು ವರ್ಷದ ಉಳಿತಾಯ ಕೊಡಬೇಕು, 76ರ ವಯಸ್ಸಿನಲ್ಲಿ ಮಂಪರಿನ ಮದ್ದು ತೆಗೆದುಕೊಳ್ಳಬೇಕು, ಅಪರೂಪಕ್ಕಾದರೂ ಕೀಲಿಗೆ ಸೋಂಕು ತಗಲುವ ಅಪಾಯವನ್ನು ಹೊರಬೇಕು. ಅಷ್ಟಲ್ಲದೆ, ಇನ್ನು ಮೇಲೆ ಯಾವ ವೈದ್ಯರಾದರೂ ಈ ಸಂಗತಿ ತಿಳಿದೂ ತೊಳೆಯುತ್ತೇವೆಂದರೆ, ಅವರು ಅವಳಿಗೆ ಗೊತ್ತಿಲ್ಲದಂತೆ ಸೋಗು ಮಾರುತ್ತಾರೆ ಎಂದೇ ಅರ್ಥ. ಹ್ಯೂಸ್ಟನ್ನಿನ ಸೈನಿಕರಿಗಾದರೂ ಸೋಗಿರಬಹುದೆಂದು ಮೊದಲೇ ತಿಳಿಸಿದ್ದರು.

ಆ ತಿಳಿಸಿದ ರೀತಿ ನನಗೆ ಬಹಳ ಹಿಡಿಸಿತು. ಮುದ್ರಿಸಿದ ಕಾಗದಕ್ಕೆ ರುಜು ಹಾಕಿಸಿಕೊಂಡು ಬಿಡಲಿಲ್ಲ. ತಮಗೆ ಸೋಗಿನ ಶಸ್ತ್ರಕ್ರಿಯೆ ಮಾತ್ರ ಆಗಬಹುದು, ಅದರಿಂದ ತಮ್ಮ ಮಂಡಿಗೆ ಪ್ರಯೋಜನವಾಗದು ಎಂಬರ್ಥದ ಮಾತನ್ನು ಪ್ರತಿಯೊಬ್ಬ ರೋಗಿಯೂ ತನ್ನ ಕೈಯಿಂದಲೇ ದಾಖಲೆಯಲ್ಲಿ ಬರೆಯಬೇಕಿತ್ತು. ಅರ್ಹರಾಗಿದ್ದ 324 ಮಂದಿಯಲ್ಲಿ 144 ಮಂದಿ ಇದನ್ನು ಕೇಳಿ ಒಲ್ಲೆವೆಂದು ಎದ್ದು ಹೋದರು, ಅಂದರೆ ನೂರಕ್ಕೆ 44. ಉಳಿದವರು ಬರೆದುಕೊಟ್ಟು ಮಲಗಿದರು. ಕೆಲವು ವೈದ್ಯರು, ಹುಸಿ ಗಾಯ ಮಾಡುವುದು ವೈದ್ಯಧರ್ಮವೇ ಎಂದು ಕೇಳಿದ್ದುಂಟು. ಕೇಳಬೇಕಾದ ಪ್ರಶ್ನೆಯೇ. ಆದರೆ ವರ್ಷಕ್ಕೆ ಆರೂವರೆ ಲಕ್ಷ ಜನರಿಗೆ ಪರೀಕ್ಷಿಸದ ಗಾಯ ಮಾಡುವುದು ಧರ್ಮವಾಗಿ, 60 ಜನರಿಗೆ ಹೇಳಿ ಕೇಳಿ ಮೂರು ಸೆಂಟಿಮೀಟರ್ ಗಾಯ ಮಾಡುವುದು ಅಧರ್ಮವಾಗುವ ಲೆಕ್ಕ ನನಗೆ ಹೊಂದುವುದಿಲ್ಲ. ನಮ್ಮ ದೇಶದಲ್ಲಿಯೂ ಇಂಥ ಪರೀಕ್ಷೆಗಳನ್ನು ಬಹಿರಂಗವಾಗಿ ನೋಂದಾಯಿಸುವ ದಾಖಲೆಯೊಂದು 2007ರಲ್ಲಿ ತೆರೆಯಿತು, 2009ರಿಂದ ನೋಂದಣಿ ಕಡ್ಡಾಯವಾಯಿತು. ಮುಂದೆ ಯಾರಾದರೂ ನಿಮ್ಮ ಮುಂದೆ ಒಪ್ಪಿಗೆಯ ಕಾಗದ ಹಿಡಿದರೆ ಅದನ್ನು ಕನ್ನಡದಲ್ಲಿ ಕೊಡಿ ಎಂದು ಕೇಳಿ. ಓದಿದ ಮೇಲೆ ಒಲ್ಲೆನೆನ್ನುವ ಹಕ್ಕು ನಿಮಗೂ ಆ 144 ಜನರಷ್ಟೇ ಇದೆ.

ಹ್ಯೂಸ್ಟನ್ನಿನ ಫಲಿತಾಂಶ ಬಂದಾಗ ಶಸ್ತ್ರವೈದ್ಯರ ಕಡೆಯಿಂದ ಆಕ್ಷೇಪಗಳು ಬಂದವು. ಒಬ್ಬರೇ ವೈದ್ಯರು ಮಾಡಿದ್ದು, ರೋಗಿಗಳು ಬಹುಪಾಲು ಗಂಡಸರು, ಹೀಗೆ. ಆಕ್ಷೇಪ ಅನುಚಿತವೇನಲ್ಲ. ಅಕ್ಕನೂ "ಬರೀ ಗಂಡಸರ ಮಂಡಿ ನೋಡಿ ನನಗೆ ಹೇಳ್ತೀಯಾ" ಎಂದಳು. ಆದರೆ 2008ರಲ್ಲಿ ಕೆನಡಾದ ಅಲೆಕ್ಸಾಂಡ್ರಾ ಕರ್ಕ್ಲಿ ಮತ್ತು ಸಂಗಡಿಗರು, ದುರ್ಬೀನು ಶಸ್ತ್ರಕ್ರಿಯೆಯ ಜೊತೆಗೆ ವ್ಯಾಯಾಮ, ಔಷಧ ಪಡೆದವರನ್ನೂ ವ್ಯಾಯಾಮ, ಔಷಧ ಮಾತ್ರ ಪಡೆದವರನ್ನೂ ಎರಡು ವರ್ಷ ಹೋಲಿಸಿ ಅಂತರವಿಲ್ಲವೆಂದರು. 2010ರಲ್ಲಿ ಕಾಕ್ರೇನ್ ಸಂಸ್ಥೆಯ ವಿಮರ್ಶಕರು ಕೀಲು ತೊಳೆಯುವುದರ ಬಗ್ಗೆ ಅದುವರೆಗೆ ನಡೆದ 7 ಪರೀಕ್ಷೆಗಳನ್ನು, 567 ರೋಗಿಗಳನ್ನು ಒಟ್ಟುಗೂಡಿಸಿ ನೋಡಿ ಹೇಳಿಕೊಳ್ಳುವಂಥ ಪ್ರಯೋಜನ ಕಾಣದೆಂದರು. ಅಮೆರಿಕದ ಸರ್ಕಾರಿ ವಿಮೆ ಸವೆದ ಮಂಡಿಯನ್ನು ಬರಿದೆ ತೊಳೆಯುವುದಕ್ಕೆ 2004ರಿಂದ ಹಣ ಕೊಡುವುದನ್ನು ನಿಲ್ಲಿಸಿತು. ಬ್ರಿಟನ್ನಿನ ನೈಸ್ ಸಂಸ್ಥೆ 2022ರ ತನ್ನ ಮಾರ್ಗಸೂಚಿಯಲ್ಲಿ ಈ ಚಿಕಿತ್ಸೆಯನ್ನು ಕೊಡಲೇಬೇಡಿ ಎಂದಿದೆ. ಹಾಗೆಂದು ದುರ್ಬೀನೇ ವ್ಯರ್ಥವೆಂದು ತಿಳಿಯಬಾರದು. ಕೀಲಿಗೆ ಕೀವು ತುಂಬಿದಾಗ ತೊಳೆಯಲೇಬೇಕು, ಅದು ಬೇರೆಯೇ ಕಾಯಿಲೆ. ನಾನು ಹೇಳುತ್ತಿರುವುದು ವಯಸ್ಸಿನ ಸವೆತದ ಮಾತು.

ಅಳತೆಯ ವಿಷಯದಲ್ಲಿ ನನ್ನದೊಂದು ತಕರಾರಿದೆ. ಇಂಥ ಪರೀಕ್ಷೆಗಳಲ್ಲಿ ಬಹಳವಾಗಿ ಬಳಸುವ 'ವೋಮ್ಯಾಕ್' ಎಂಬ ಪ್ರಶ್ನಾವಳಿಯಲ್ಲಿ 24 ಪ್ರಶ್ನೆಗಳಿವೆ. ನೋವಿನ ಮೇಲೆ 5, ಬಿಗಿತದ ಮೇಲೆ 2, ದಿನದ ಕೆಲಸಗಳ ಮೇಲೆ 17. ಕಾರಿನಿಂದ ಇಳಿಯುವುದು, ಕಾಲುಚೀಲ ಹಾಕಿಕೊಳ್ಳುವುದು ಎಲ್ಲ ಇದೆ. ಚಕ್ಕಳಮಕ್ಕಳ ಹಾಕಿ ಕೂರುವುದಿಲ್ಲ, ಕುಕ್ಕರುಗಾಲಿನಲ್ಲಿ ಕೂರುವುದಿಲ್ಲ. ಅಕ್ಕನ ಜೀವನದ ಮುಕ್ಕಾಲು ಪಾಲು ಆ ಪ್ರಶ್ನಾವಳಿಯ ಹೊರಗೇ ಉಳಿಯುತ್ತದೆ. ಇದನ್ನು ಮನಗಂಡೇ ಪುಣೆಯ ಸಂಧಿವಾತ ಕೇಂದ್ರದವರು ನಮ್ಮ ರೂಢಿಗೆ ತಕ್ಕಂತೆ ಅದನ್ನು ಮಾರ್ಪಡಿಸಿಕೊಂಡಿದ್ದಾರೆ.

ಇನ್ನು ನಮ್ಮ ಜಾನುಬಸ್ತಿಯ ಮಾತು. ಮೈಸೂರಿನಲ್ಲಿ ನೂರು ವರ್ಷ ದಾಟಿದ ಆಯುರ್ವೇದ ಕಾಲೇಜಿದೆ, ಬಸ್ತಿ ಮಾಡಿಸಿಕೊಂಡು ಹಿತವಾಯಿತೆನ್ನುವ ಗೆಳೆಯರು ಕೆರೆಯ ಏರಿಯಲ್ಲೇ ಹತ್ತು ಮಂದಿ ಸಿಗುತ್ತಾರೆ. ಪರದೇಶದ ನೀರಿಗೆ ಹಾಕಿದ ಪ್ರಶ್ನೆಯನ್ನು ನಮ್ಮ ಎಣ್ಣೆಗೂ ಹಾಕಬೇಡವೇ? ಹಾಕಬೇಕು. ಆದರೆ ಇಲ್ಲಿ ಸೋಗು ಕಷ್ಟ. ಬೆಚ್ಚನೆಯ ತೈಲ ಮಂಡಿಯ ಮೇಲಿದೆಯೋ ಇಲ್ಲವೋ ಎಂಬುದು ಯಾರಿಗಾದರೂ ಗೊತ್ತಾಗುತ್ತದೆ, ಲಕೋಟೆಯ ಗುಟ್ಟು ಉಳಿಯುವುದಿಲ್ಲ. ಹೆಚ್ಚೆಂದರೆ ಔಷಧದ ತೈಲಕ್ಕೂ ಬರಿಯ ಎಳ್ಳೆಣ್ಣೆಗೂ ಹೋಲಿಸಬಹುದು, ಬಣ್ಣ ವಾಸನೆ ಒಂದೇ ಆಗುವಂತೆ ಮಾಡಿ. ವ್ಯಾಯಾಮಕ್ಕೂ ಇದೇ ತೊಡಕು, ಕಾಲು ಎತ್ತಿದವನಿಗೆ ಎತ್ತಿದ್ದು ಗೊತ್ತಿರುತ್ತದೆ. ಹಾಗಿದ್ದೂ ನಾನು ಅಕ್ಕನಿಗೆ ಹೇಳಿದ್ದು ವ್ಯಾಯಾಮವನ್ನೇ. ಅದರ ಲಾಭ ಪವಾಡದಂಥದಲ್ಲ, ಸಾಧಾರಣವಾದದ್ದು. ಆದರೆ ಹಣ ಖರ್ಚಿಲ್ಲ, ಗಾಯವಿಲ್ಲ. ತೊಡೆಯ ಮುಂಭಾಗದ ಸ್ನಾಯು ಬಲವಾದರೆ ಮಂಡಿಗೆ ಆಸರೆ. ತೂಕದ ಲೆಕ್ಕ ಇನ್ನೂ ಚೆನ್ನ, ಒಂದು ಕಿಲೋ ಇಳಿಸಿದರೆ ನಡೆಯುವಾಗ ಹೆಜ್ಜೆಹೆಜ್ಜೆಗೂ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ಇಳಿಯುತ್ತದೆಂದು ಅಳೆದು ತೋರಿಸಿದ್ದಾರೆ. ಇದು ಯಾವುದೂ ಸಾಲದಷ್ಟು ಸವೆದವರಿಗೆ ಮಂಡಿ ಬದಲಿಸುವ ಶಸ್ತ್ರಕ್ರಿಯೆ ಇದ್ದೇ ಇದೆ. ನನ್ನ ವಿದ್ಯಾರ್ಥಿ ಅಕ್ಕನನ್ನು ನೋಡಿ, ಅದು ಸದ್ಯಕ್ಕೆ ಬೇಡವೆಂದ.

ಅಕ್ಕ ತೊಳೆಸಲಿಲ್ಲ. ನನ್ನ ವಾದಕ್ಕೆ ಸೋತಳೋ, ಮಂಪರಿನ ಮದ್ದಿಗೆ ಹೆದರಿದಳೋ ನನಗೆ ತಿಳಿಯದು, ಅವಳೂ ಹೇಳಿಲ್ಲ. ಈಳಿಗೆಮಣೆಯನ್ನು ಅಡಿಗೆಮನೆಯ ಕಟ್ಟೆಯ ಮೇಲಕ್ಕೆ ಏರಿಸಿದ್ದಾಳೆ, ಪೂಜೆಗೆ ಕುರ್ಚಿ ಬಂದಿದೆ. ಬೆಳಿಗ್ಗೆ ಸಂಜೆ ಆ ಕುರ್ಚಿಯಲ್ಲೇ ಕುಳಿತು, ಕಾಲ ಹರಡಿಗೆ ಅರ್ಧ ಕಿಲೋ ಉಪ್ಪಿನ ಪೊಟ್ಟಣವನ್ನು ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿ ಕಟ್ಟಿಕೊಂಡು, ಕಾಲನ್ನು ನೇರ ಚಾಚಿ ಹತ್ತರವರೆಗೆ ಎಣಿಸಿ ಇಳಿಸುತ್ತಾಳೆ. ನೋವು ಸ್ವಲ್ಪ ಇಳಿದಿದೆಯೆನ್ನುತ್ತಾಳೆ. ಇದು ವ್ಯಾಯಾಮದ ಗುಣವೋ, ದಸರೆಯ ವಾರದಲ್ಲಿ ಏರಿದ್ದ ನೋವು ತಾನಾಗಿ ಇಳಿದದ್ದೋ ಎಂದು ಕೇಳಿದರೆ ಬೈಗುಳ ಖಂಡಿತ ಎಂದು ಸುಮ್ಮನಿದ್ದೇನೆ.

ಪಕ್ಕದ ಮನೆಯವರ ಬಲಮಂಡಿ ಹೋದ ಬೇಸಿಗೆಯಿಂದ ಮತ್ತೆ ನೋಯುತ್ತಿದೆಯಂತೆ. ಎಡದ್ದು ಮೊದಲಿನಿಂದಲೂ ಇತ್ತು. ಎರಡನ್ನೂ ಒಟ್ಟಿಗೆ ತೊಳೆಸಿದರೆ ಖರ್ಚಿನಲ್ಲಿ ರಿಯಾಯಿತಿ ಕೊಡುತ್ತಾರಂತೆ. "ಮೇಷ್ಟ್ರನ್ನ ಒಂದು ಮಾತು ಕೇಳಿ ಹೇಳಿ" ಎಂದು ಅಕ್ಕನ ಕೈಲಿ ಹೇಳಿಕಳಿಸಿದ್ದಾರೆ. ಅವರಿಗೆ ಇಂಗ್ಲಿಷ್ ಓದುವ ಅಭ್ಯಾಸವಿಲ್ಲ. ಇದನ್ನು ದೊಡ್ಡ ಅಕ್ಷರದಲ್ಲಿ ಮುದ್ರಿಸಿ ನಾಳೆ ಸರಸ್ವತೀಪುರಂಗೆ ಹೋಗುವಾಗ ತೆಗೆದುಕೊಂಡು ಹೋಗುತ್ತೇನೆ.